ಗೂಡಿನ ಒಳಪದರ

ಕೊಳ್ಳೇಗಾಲ
೧೧ ಫೆಬ್ರವರಿ ೨೦೨೫

ಪ್ರೀತಿಯ ಮಗಳು ರೂಪಳಿಗೆ,

ನಾನು ಚೆನ್ನಾಗಿದ್ದೇನೆ. ನನ್ನ ಬಿ.ಪಿ.ಯೂ ಚೆನ್ನಾಗಿದೆ, ಇಳಿಯುವ ಹಾಗೆ ಕಾಣುವುದಿಲ್ಲ. ಸಂಕ್ರಾಂತಿಗೆ ನೀನು ಎಳ್ಳು ಕಳಿಸಿದಾಗಲೇ ಬರೆಯಬೇಕಿತ್ತು. ‘ಡಿಲೇ ಈಸ್ ರಿಗ್ರೆಟೆಡ್’ ಅಂತ ಕಾಲೇಜಿನಲ್ಲಿ ಕಲಿಸಿದ್ದರು, ಮುಂದಿನ ವಾಕ್ಯ ಮರೆತಿದೆ. ಯಳಂದೂರು ಎಷ್ಟು ದೂರ, ಫೋನು ಮಾಡಬಾರದಾ ಅನ್ನುತ್ತೀಯ. ಫೋನಿನಲ್ಲಿ ನೀನು ಮಾತ್ರೆ ತಗೊಂಡ್ರಾ ಅಂತೀಯ, ನಾನು ಹೂಂ ಅಂತೀನಿ, ಅಲ್ಲಿಗೆ ಮುಗಿಯುತ್ತದೆ.

ನಮ್ಮ ರೇಷ್ಮೆ ರೀಲಿಂಗ್ ಶೆಡ್ಡಿಗೆ ಮೈಸೂರಿನಿಂದ ಸಿಂಧು ಅಂತ ಒಬ್ಬ ಹುಡುಗಿ ಬರುತ್ತಿದ್ದಾಳೆ, ಸಂಶೋಧನೆ ಮಾಡುವವಳು. ನೂಲು ತೆಗೆದ ಮೇಲೆ ಉಳಿಯುವ ಜೂಟು, ಗೂಡು ಬೇಯಿಸಿ ಚರಂಡಿಗೆ ಚೆಲ್ಲುವ ಅಂಟುನೀರು, ಎರಡೂ ಅವಳಿಗೆ ಬೇಕು. ಅದರೊಳಗಿನ ಪ್ರೋಟೀನ್ ತೆಗೆದು, ಶುದ್ಧಮಾಡಿ, ಗಾಯಕ್ಕೆ ಹಾಕುವ ತೆಳು ಪಟ್ಟಿ ಮಾಡುತ್ತಾಳಂತೆ. ಗಾಯ ತೇವವಾಗಿದ್ದು ಬೇಗ ಮಾಯುತ್ತದಂತೆ. ನರ್ಸಾದ ನಿನಗೆ ಇದು ನನಗಿಂತ ಚೆನ್ನಾಗಿ ಅರ್ಥವಾದೀತು. ಬೀದಿಯವರೆಲ್ಲ ಮೂಗು ಮುಚ್ಚಿಕೊಳ್ಳುವ ನೀರನ್ನು ಅವಳು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾಳೆ.

ಮೊದಲ ಸಲ ಕ್ಯಾನು ತುಂಬಿಕೊಟ್ಟವಳು ಚಿಕ್ಕಬಸಮ್ಮ, ನಿನ್ನಮ್ಮನ ಪಕ್ಕದ ಬೇಸಿನ್ನಿನಲ್ಲಿ ಇಪ್ಪತ್ತು ವರ್ಷ ನೂಲು ತೆಗೆದವಳು. ಸಿಂಧು ಮೈಸೂರಿಗೆ ಹೋಗಿ ಮುಚ್ಚಳ ತೆಗೆದರೆ ಬರೀ ನೊರೆ. ಮರಳಿ ಬಂದು ಕೇಳಿದ್ದಕ್ಕೆ ಚಿಕ್ಕಬಸಮ್ಮ, “ನಾತ ಒಡೀತಿತ್ತು ಕಣವ್ವ, ಓದಿದ್ ಎಣ್ಮಗಿನ ಕೈಗೆ ಎಂಗ್ ಕೊಡಾದು ಅಂತ ವಸಿ ಸೋಪಿನ ಪುಡಿ ಆಕ್ದಿ” ಅಂದಳು.

“ಅಜ್ಜಿ, ನನಗೆ ಆ ನಾತದ ನೀರೇ ಬೇಕು.”

“ಅಂಗಾರೆ ದಿನಾ ಬಾ. ನಮ್ತಾವ ಅದುಕ್ಕೇನ್ ಬರ.”

ಆಮೇಲೆ ಚಿಕ್ಕಬಸಮ್ಮ ತನ್ನ ಬೆರಳು ತೋರಿಸಿ ನಮ್ಮ ಹಳೆಯ ಪದ್ಧತಿ ಹೇಳಿದಳು. ಕೈ ಕೊಯ್ದರೆ ಗೂಡಿನ ಒಳಪದರ, ಹುಳುವಿಗೆ ಅಂಟಿಕೊಂಡ ಆ ತೆಳ್ಳನೆಯ ಪೊರೆ, ಅದನ್ನೇ ಅಂಟಿಸುತ್ತೇವಲ್ಲ, ಅದು. ಸಿಂಧು ಎಲ್ಲವನ್ನೂ ಬರೆದುಕೊಂಡು, “ಅಂಕಲ್, ಶನಿವಾರ ನಮ್ಮ ಪ್ರೊಫೆಸರು ಬರ್ತಾರೆ. ಇದರ ಬಗ್ಗೆ ನೀವೇ ಮಾತಾಡಬೇಕು” ಅಂದಳು. ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಿಟ್ಟವನನ್ನು ಯಾರು ಹಾಗೆ ಮಾತಾಡಲು ಕರೆಯುತ್ತಾರೆ, ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ, ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೂ ಈ ಪದರ ಆಗುತ್ತದಲ್ಲ ಅಂತ ಕೇಳಿದೆ.

ಅವಳು ಪೆನ್ನು ಕೆಳಗಿಟ್ಟಳು. “ಶುದ್ಧ ಮಾಡದ ಪದರ ಹಾಕಿ ಮುಚ್ಚಿದ್ರೆ ಒಳಗೇ ಕೊಳೆಯುತ್ತೆ ಅಂಕಲ್. ಯಾರಾದ್ರೂ ಹಾಗೆ ಮಾಡಿದ್ರಾ?”

ಇಲ್ಲಮ್ಮ ಅಂದೆ.

ಅವತ್ತಿನಿಂದ ಶೆಡ್ಡಿನ ಕಡೆ ಹೋಗಿಲ್ಲ. ಮಂಡಿನೋವು ಅಂತ ಹೇಳಿಕಳಿಸಿದ್ದೇನೆ. ಮಂಡಿ ಚೆನ್ನಾಗಿಯೇ ಇದೆ.

ಡ್ಯೂಟಿ ಡ್ಯೂಟಿ ಅಂತ ಊಟ ಬಿಡಬೇಡ. ನೀನು ಮುಟ್ಟಿ ನೋಡಿದವರೆಲ್ಲ ಎದ್ದು ತಮ್ಮ ಕಾಲಮೇಲೆ ಮನೆಗೆ ನಡೆದು ಹೋಗಲಿ. ಮಾದಪ್ಪ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಪುಟ್ಟಸಿದ್ದಯ್ಯ

ತಾ.ಕ.: ಇದನ್ನು ಬರೆಯಲೆಂದೇ ಕೂತವನು ಹಾಳೆ ತುಂಬ ಬೇರೆಲ್ಲ ಬರೆದೆ. ನಿನ್ನಮ್ಮ ಕಾಲಿನ ಗಾಯ ಮುಚ್ಚಿಡಲಿಲ್ಲ, ರೂಪ. ಮೊದಲ ದಿನವೇ ನನಗೆ ತೋರಿಸಿ, “ರೂಪಂಗೆ ಒಂದ್ ಮಾತ್ ಏಳಿ” ಅಂದಳು. ಸಣ್ಣದಕ್ಕೆಲ್ಲ ಅವಳಿಗ್ಯಾಕೆ, ನಾನಿದ್ದೀನಲ್ಲ ಅಂತ ಗೂಡಿನ ಪದರ ಅಂಟಿಸಿ ಬಟ್ಟೆ ಕಟ್ಟಿದವನು ನಾನು. ಹನ್ನೊಂದು ದಿನ ಕಟ್ಟಿದೆ. ಕಾಲು ತೆಗೆಯಬೇಕು ಅಂತ ಡಾಕ್ಟರು ಅಂದಾಗ, ನಮಗ್ಯಾರಿಗೂ ಹೇಳದೆ ಮುಚ್ಚಿಟ್ಟಳು ಅಂತ ಎಲ್ಲರೆದುರು ಹೇಳಿದವನೂ ನಾನೇ. ಶನಿವಾರ ಆ ಪ್ರೊಫೆಸರ ಮುಂದೆ ಇದನ್ನು ಹೇಳುತ್ತೇನೆ. ನೀನು ಮೊದಲು ತಿಳಿಯಬೇಕು. ಅವತ್ತು ಆಸ್ಪತ್ರೆಯಲ್ಲಿ ನೀನು ಅವಳನ್ನು ಎಷ್ಟು ಬೈದೆ. ಅವಳು ಒಂದು ಸಲ ನನ್ನ ಮುಖ ನೋಡಿದಳು, ಆಮೇಲೆ ನಿನ್ನ ಕಡೆ ತಿರುಗಿ, “ತಪ್ಪಾಯ್ತು ಕಣವ್ವ, ನಂಗೆ ಗೊತ್ತಾಗ್ನಿಲ್ಲ” ಅಂದಳು.