ಏಣಿ ಹತ್ತುವವನಿಗೆ ನೆಲಮಹಡಿ

ಮನೆ ಹಂಚಿಕೆ ಅಧಿಕಾರಿಗಳೇ,

ಗಾಲಿಕುರ್ಚಿಯಲ್ಲಿರುವ ನನ್ನ ಅಕ್ಕನಿಗೆ ನೀವು ಕೊಡುತ್ತೇವೆ ಎಂದದ್ದು ನೆಲಮಹಡಿಯ ಮನೆ. ಕೊಟ್ಟದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ತಪ್ಪಾದರೆ ತಿದ್ದುತ್ತೇವೆ ಎಂದಿರಿ. ತಿದ್ದಲಿಲ್ಲ. ಈ ತಿಂಗಳೊಳಗೆ ಕೀಲಿಕೈ ಪಡೆಯದಿದ್ದರೆ ಅದೂ ರದ್ದು ಎಂದಿದ್ದೀರಿ. ಈ ಒಂದು ಮಾತನ್ನು ಮಾತ್ರ ನೀವು ಖಂಡಿತ ಉಳಿಸಿಕೊಳ್ಳುವಿರೆಂಬ ನಂಬಿಕೆ ನಮಗಿದೆ.

ನೆಲಮಹಡಿ ಸಿಕ್ಕಿದ್ದು ಯಾರಿಗೆ? ನಮ್ಮ ಬೀದಿಯ ಪೇಂಟರ್‌ಗೆ. ದಿನವಿಡೀ ಏಣಿಯ ಮೇಲಿರುವ ಮನುಷ್ಯ. ನಿಮ್ಮ ದಾಖಲೆಯ ಪ್ರಕಾರ ಅವನಿಗೆ ಎರಡೂ ಕಾಲು ಸ್ವಾಧೀನದಲ್ಲಿಲ್ಲ. ವೈದ್ಯರ ಪ್ರಮಾಣಪತ್ರವೂ ಲಗತ್ತಾಗಿದೆ, ಅಕ್ಕನದು.

"ನಾನು ಕೇಳಿದ್ದೇ ಮೇಲಿನ ಮನೆ, ಗಾಳಿ ಬರುತ್ತೆ ಅಂತ. ನನ್ನ ಕಾಲು ಯಾವಾಗ ಹೋಯ್ತು ಅಂತ ನನಗೇ ಗೊತ್ತಿಲ್ವಲ್ಲಕ್ಕಾ!" ಎಂದು ಅವನು ತಲೆ ಕೆರೆದುಕೊಂಡ.

"ಕಾಯಿಲೆ ತಗೊಂಡಿದ್ದೀಯ, ಇಟ್ಕೋ. ಕುರ್ಚಿ ಮಾತ್ರ ಕೇಳ್ಬೇಡ ಕಣೋ" ಎಂದಳು ಅಕ್ಕ.

ಇದು ಹೇಗಾಯಿತೆಂದು ತಿಳಿಯದಿದ್ದರೆ ಕೇಳಿ. ಸಾಲು ಬೇಗ ಕರಗಲೆಂದು ನಿಮ್ಮ ಸಹಾಯ ಕೇಂದ್ರದಲ್ಲೊಂದು ರೂಢಿಯಿದೆ: ಒಬ್ಬರ ಪ್ರಮಾಣಪತ್ರ ನಿಧಾನವಾಗಿ ಅಪ್‌ಲೋಡ್ ಆಗುತ್ತಿರುವಾಗಲೇ ಪಕ್ಕದ ಟ್ಯಾಬ್‌ನಲ್ಲಿ ಮುಂದಿನವರ ಅರ್ಜಿ ತೆರೆಯುವುದು. ಅಕ್ಕನದು ತೆವಳುತ್ತಿತ್ತು, ಅಷ್ಟರಲ್ಲಿ ಪೇಂಟರನದು ತೆರೆದು, ತುಂಬಿ, ಕಳಿಸಿಯೂ ಆಯಿತು. ಬಳಿಕ ಅಕ್ಕನ ಟ್ಯಾಬ್‌ಗೆ ಮರಳಿ 'ಸಲ್ಲಿಸಿ' ಒತ್ತಿದರು. ಆದರೆ ಅರ್ಜಿದಾರರು ಯಾರೆಂಬುದನ್ನು ನಿಮ್ಮ ಸರ್ವರ್ ಅರ್ಜಿಯಿಂದ ಓದುವುದಿಲ್ಲ. ಸೆಷನ್‌ನಿಂದ, ಅಂದರೆ ಕೊನೆಗೆ ತೆರೆದ ಅರ್ಜಿ ಯಾರದೆಂಬ ತನ್ನ ನೆನಪಿನಿಂದ, ತೆಗೆದುಕೊಳ್ಳುತ್ತದೆ. ಟ್ಯಾಬ್ ಎರಡಾದರೂ ಆ ನೆನಪು ಒಂದೇ. ಹೀಗಾಗಿ ಅಕ್ಕನ ಅರ್ಜಿ ಹೋಗಿ ಪೇಂಟರನ ಅರ್ಜಿಯನ್ನು ಅಳಿಸಿ ಅವನ ಹೆಸರಿನಲ್ಲಿ ಕೂತಿತು. ಅಕ್ಕನ ಹೆಸರಿನೆದುರು ಖಾಲಿ. ಖಾಲಿ ಎಂದರೆ 'ಯಾವ ಮಹಡಿಯಾದರೂ ಸರಿ' ಎಂದು ನಿಮ್ಮ ಯಂತ್ರದ ಅರ್ಥ. ನಮ್ಮ ಮೌನಕ್ಕೆ ನೀವು ಎಂದಿನಿಂದಲೂ ಕೊಟ್ಟುಕೊಂಡ ಅರ್ಥವೂ ಅದೇ.

ನಮ್ಮ ಬೀದಿಯ ಬಾಡಿಗೆದಾರರ ಸಂಘದವರಾದ ನಾವು ಇದನ್ನು ನಿಮ್ಮದೇ ಕೌಂಟರಿನಲ್ಲಿ ಮಾಡಿ ತೋರಿಸಿದೆವು. ಗುಮಾಸ್ತರು ಕಣ್ಣಾರೆ ಕಂಡು, "ಸಿಸ್ಟಮ್‌ನಲ್ಲಿ ಹಾಗೇ ಇದೆಯಮ್ಮ, ನಾವೇನು ಮಾಡೋಕಾಗುತ್ತೆ?" ಎಂದರು. ಎದುರಿಗೆ ಕುರ್ಚಿಯಲ್ಲಿ ಕೂತವಳು ಸುಳ್ಳು, ಪರದೆ ನಿಜ! ಇದು ಯಾವ ಕಾನೂನು, ಸ್ವಾಮಿ?

ಪ್ರತಿ ಅರ್ಜಿಯೊಳಗೇ ಅದರ ಸಂಖ್ಯೆ ಇರಲಿ. ಅದು ಸೆಷನ್ನಿನ ಸಂಖ್ಯೆಗೆ ತಾಳೆಯಾಗದಿದ್ದರೆ ಸರ್ವರ್ ಅಲ್ಲೇ ನಿಂತು ಕೇಳಲಿ. ಅದಕ್ಕೂ ಮೊದಲು, ಅಕ್ಕನ ಮನೆ ಅಕ್ಕನಿಗೆ. ಅದಲುಬದಲಿಗೆ ಅಕ್ಕ ಒಪ್ಪಿದ್ದಾಳೆ, ಪೇಂಟರ್ ಒಪ್ಪಿದ್ದಾನೆ, ಉಳಿದವರು ನೀವೊಬ್ಬರೇ.

ನಿಮ್ಮ ಕೊಠಡಿ ಎರಡನೇ ಮಹಡಿಯಲ್ಲಿದೆ, ಅಲ್ಲಿಗೂ ಲಿಫ್ಟಿಲ್ಲ. ಆದ್ದರಿಂದ ನಮ್ಮ ಸಂಘದ ಮುಂದಿನ ಸಭೆ ನಿಮ್ಮ ಮೆಟ್ಟಿಲ ಬುಡದಲ್ಲಿ. ಇಳಿದು ಬನ್ನಿ. ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಇಂತಿ,
ನಿಮ್ಮ ದಾಖಲೆಯಲ್ಲಿ 'ಯಾವ ಮಹಡಿಯಾದರೂ ಸರಿ' ಎಂದವಳ ತಂಗಿ