ಮೊದಲು ಒಡೆದದ್ದು ನನ್ನ ಮೆಟ್ಟಿಲು

ಜೂನ್ 3, ಸೋಮವಾರ

ಶಾಲೆ ಶುರುವಾಗುವ ವಾರ. ಯೂನಿಫಾರ್ಮ್, ಯೂನಿಫಾರ್ಮ್, ಯೂನಿಫಾರ್ಮ್. ಕಣ್ಣು ಮುಚ್ಚಿದರೂ ನೀಲಿ ಬಟ್ಟೆಯೇ ಕಾಣುತ್ತದೆ. ತಾಯಂದಿರೆಲ್ಲ ಇವತ್ತೇ ನಿದ್ದೆಯಿಂದ ಎದ್ದವರ ಹಾಗೆ ಬಂದು "ನಾಳೆ ಬೆಳಿಗ್ಗೆ ಬೇಕೇಬೇಕು" ಅನ್ನುತ್ತಾರೆ. ರಜೆ ಪೂರ್ತಿ ಏನು ಮಾಡುತ್ತಿದ್ದಿರಿ ಅಂದರೆ ನಗುತ್ತಾರೆ. ನಗುವವರಿಗೆ ಏನು ಹೇಳುವುದು. ಹೊಲಿದೆ.

ಮಧ್ಯಾಹ್ನ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೆ ನಮ್ಮ ಬಡಾವಣೆಯ ಸಂಘಕ್ಕೆ ಅವರೇ ಅಧ್ಯಕ್ಷರು. ಪ್ಯಾಂಟು ಗಿಡ್ಡ ಮಾಡಿಸಲು ಬಂದರು ಅಂದುಕೊಂಡೆ. ಕೂರಲು ಜಾಗ ಹುಡುಕಿದರು. ಜಾಗ ಎಲ್ಲಿದೆ ಈಗ... ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತರು.

"ಈ ವರ್ಷದ ಸನ್ಮಾನಕ್ಕೆ ನಿನ್ನ ತಂಗಿ ಹೆಸರು ಬಂದಿದೆಯಮ್ಮ."

ಮಿಷನ್ ತುಳಿಯುತ್ತಲೇ ಇದ್ದೆ.

"ಪರಿಚಯದ ಮಾತು ನೀನೇ ಆಡಬೇಕು."

ಆಗ ಕಾಲು ನಿಂತಿತು. ದಾರ ಕಡಿಯಿತು. ಯೋಚನೆ ಮಾಡಿ ಹೇಳುತ್ತೇನೆ ಅಂದು ಕಳಿಸಿದೆ. ಯೋಚನೆ ಏನು ಬಂತು, ಮಣ್ಣು.

ಜೂನ್ 4, ಮಂಗಳವಾರ

ಕೆಲಸದಲ್ಲಿ ಮನಸ್ಸಿಲ್ಲ. ಒಂದು ಅಂಗಿಗೆ ಎರಡೂ ಎಡಗೈ ತೋಳು ಇಟ್ಟೆ. ಬರೆದಾದರೂ ಹೊಟ್ಟೆಯುರಿ ಇಳಿಯಲಿ.

ನಮ್ಮ ಸಂಘದ ಪದ್ಧತಿ ಬೇರೆಲ್ಲೂ ಇಲ್ಲ. ಸನ್ಮಾನ ಪಡೆಯುವವರ ಬಗ್ಗೆ ವೇದಿಕೆಯಲ್ಲಿ ಮಾತಾಡುವವರು ಅವರ ಸ್ನೇಹಿತರಲ್ಲ, ಅವರ ಕೆಲಸದಿಂದ ಪೆಟ್ಟು ತಿಂದವರು. ಸಂಘ ಕಟ್ಟಿದ ಹಳಬರ ನಿಯಮ. ಹೊಗಳುಭಟ್ಟರು ಹತ್ತು ಜನ ಸಿಗುತ್ತಾರೆ, ನಷ್ಟ ಆದವನು ಎದ್ದು ನಿಂತರೆ ಅದು ಸನ್ಮಾನ ಅಂತ. ಏನು ಬೇಕಾದರೂ ಹೇಳಬಹುದು, ಬೈಯಲೂಬಹುದು. ಸನ್ಮಾನಿತರು ತಿರುಗಿ ಮಾತಾಡುವ ಹಾಗಿಲ್ಲ. ಆದರೆ ಪೆಟ್ಟು ತಿಂದವರು ವೇದಿಕೆ ಹತ್ತುವುದೇ ಇಲ್ಲ ಅಂದುಬಿಟ್ಟರೆ ಆ ವರ್ಷಕ್ಕೆ ಆ ಹೆಸರು ಬಿತ್ತು. ಹೋದ ವರ್ಷ ಔಷಧಿ ಅಂಗಡಿಯವರದ್ದು ಹಾಗೇ ಬಿತ್ತು.

ಅಂದರೆ ಅವಳ ಸನ್ಮಾನ ಈಗ ನನ್ನ ನಾಲಿಗೆಯ ಮೇಲೆ!

ಮಾತು ಬಿಟ್ಟು ಆರು ವರ್ಷ. ಅವಳು ಆಗಷ್ಟೇ ವಾರ್ಡಿನ ಮೆಂಬರ್ ಆಗಿದ್ದಳು. ಬೀದಿಗೆ ದೊಡ್ಡ ಚರಂಡಿ ತರುತ್ತೇನೆ ಅಂತ ಹೊರಟಳು. ಎರಡೂ ಬದಿಯವರು ಮೆಟ್ಟಿಲು, ಜಗಲಿ ಅಂತ ರಸ್ತೆಗೆ ಚಾಚಿಕೊಂಡಿದ್ದೆವು. ನಿಜವೇ. ಎಲ್ಲರದ್ದೂ ಹೋಗಬೇಕಿತ್ತು. ಮೊದಲು ಒಡೆದದ್ದು ಯಾರದ್ದು? ಅಪ್ಪ ಕಟ್ಟಿಸಿದ ಅಂಗಡಿಯದ್ದು. ನನ್ನದು. ಬೀಗದ ಕೈ ಹಿಡಿದು ಬರುತ್ತೇನೆ, ಹಾರೆ ಹಿಡಿದವರು ಆಗಲೇ ನಿಂತಿದ್ದಾರೆ. ಗಿರಾಕಿಗಳು ಕೂರುತ್ತಿದ್ದ ಬೆಂಚು ರಸ್ತೆಯಲ್ಲಿದೆ. "ಅಕ್ಕಾ, ಪಕ್ಕಕ್ಕೆ ನಿಲ್ಲು, ಕಲ್ಲು ಸಿಡಿಯುತ್ತೆ" ಅಂದಳು. ಅದೇ ಅವಳಿಂದ ಕೇಳಿದ ಕೊನೆಯ ಮಾತು.

ಮೆಟ್ಟಿಲಿಗೆ ಸಂಕಟವಾಗಲಿಲ್ಲ ಅನ್ನುವುದಿಲ್ಲ. ಆಯಿತು. ಆದರೆ ಹಿಂದಿನ ಸಂಜೆ ನಮ್ಮ ಮನೆಯಲ್ಲೇ ಕೂತು ಊಟ ಮಾಡಿ, ಎರಡನೇ ಸಲ ಹಾಕಿಸಿಕೊಂಡು, ಚೆನ್ನಾಗಿದೆ ಅಂದು ಕೈ ತೊಳೆದುಕೊಂಡು ಹೋದವಳು... ಒಂದು ಮಾತು ಹೇಳಲಿಲ್ಲ. ನನ್ನ ಒಡಹುಟ್ಟಿದವಳು. ಇದು ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಆಗುವುದಿಲ್ಲ ಅಂತಲೇ ಹೇಳುವುದು.

ಜೂನ್ 7, ಶುಕ್ರವಾರ

ಇನ್ನೂ ಹೇಳಿಲ್ಲ. ಮೇಷ್ಟ್ರು ಎರಡು ಸಲ ಅಂಗಡಿ ಮುಂದೆ ಹಾದು ಹೋದರು. ಗುಂಡಿಯ ಕಾಜಾ ಹೊಲಿಯುವುದರಲ್ಲಿ ಮುಳುಗಿದವಳ ಹಾಗೆ ತಲೆ ತಗ್ಗಿಸಿದೆ.

ಇವರಿಗೆ ಹೇಳಿದೆ. ಬಸ್ ಕಂಡಕ್ಟರ್ ಅಲ್ಲವೇ, ಯಾವ ವಿಷಯಕ್ಕೂ ಪೂರ್ತಿ ಕಿವಿ ಕೊಡುವುದಿಲ್ಲ, ಮುಂದಿನ ಸ್ಟಾಪ್ ನೋಡುತ್ತಾರೆ.

"ಬೇಡ ಅನಿಸಿದ್ರೆ ಬೇಡ ಅನ್ನು. ಅದಕ್ಕೆ ನಾಲ್ಕು ದಿನ ಯಾಕೆ ಬೇಕು?"

"ನೀವು ಅವಳ ಜೊತೆ ಮಾತಾಡ್ತೀರಾ?"

"ಬಸ್ಸಿಗೆ ಹತ್ತಿದ್ರೆ ಟಿಕೆಟ್ ಕೇಳ್ಬೇಕಲ್ಲ. ಮಾತಾಡ್ತೀನಿ."

"ಅವಳೇನಂತಾಳೆ?"

"ಚಿಲ್ಲರೆ ಇಲ್ಲ ಅಂತಾಳೆ."

ತಟ್ಟೆ ಕುಕ್ಕಿದೆ. ನಾಲ್ಕು ದಿನ ಯಾಕೆ ಬೇಕು ಅಂತ ಕೇಳಿದರಲ್ಲ... ನನಗೂ ಗೊತ್ತಿಲ್ಲ.

ಜೂನ್ 11, ಮಂಗಳವಾರ

ಒಪ್ಪಿಕೊಂಡೆ! ಮೇಷ್ಟ್ರ ಮನೆಗೇ ಹೋಗಿ ಹೇಳಿದೆ. ಅವರ ಮುಖ ಅರಳಿತು. ಪಾಪ, ನನ್ನ ಹೊಟ್ಟೆಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲ.

ಸುಮ್ಮನೆ ಬೇಡ ಅಂದರೆ ಏನು ಬಂತು? ಹೆಸರು ಬೀಳುತ್ತದೆ, ಜನ ಅಯ್ಯೋ ಪಾಪ ಅನ್ನುತ್ತಾರೆ, ಅವಳು ಇನ್ನೂ ದೊಡ್ಡವಳಾಗುತ್ತಾಳೆ. ಬದಲು ಹತ್ತುತ್ತೇನೆ. ಮೈಕು ನನ್ನ ಕೈಯಲ್ಲಿ. ಅವಳು ಎದುರಿಗೆ ಕುರ್ಚಿಯಲ್ಲಿ, ಬಾಯಿಗೆ ಬೀಗ. ಆರು ವರ್ಷದ್ದು ಒಟ್ಟಿಗೆ.

ನನ್ನೊಬ್ಬಳ ದೂರು ಸಾಲದು. ಬೀದಿಯಲ್ಲಿ ಎಲ್ಲರ ಮೆಟ್ಟಿಲೂ ಹೋಗಿದೆ. ಕೇಳಿ ಒಟ್ಟು ಮಾಡಬೇಕು. ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬರಬಹುದು.

ಜೂನ್ 13, ಗುರುವಾರ

ಮೈ ಉರಿಯುತ್ತಿದೆ.

ಬೇಕರಿಯವನ ಹತ್ತಿರ ಶುರು ಮಾಡೋಣ ಅಂತ ಹೋದೆ. ಅವನದ್ದು ಗಾಜಿನ ಶೋಕೇಸು ಹೋಗಿತ್ತು. ದೂರು ಸಿಗುತ್ತದೆ ಅಂದುಕೊಂಡೆ. ಸಿಕ್ಕಿತು, ಬೇಡವೆನ್ನುವಷ್ಟು. ಅವಳಿಗೆ ಜಂಭ, ನಮಸ್ಕಾರ ಅಂದರೆ ತಲೆ ಮಾತ್ರ ಆಡಿಸುತ್ತಾಳೆ, ಫೋನ್ ಮಾಡಿದರೆ "ಬೇಗ ಹೇಳಿ" ಅನ್ನುತ್ತಾಳೆ. ಹೂಂ ಹೂಂ ಅಂದೆ. ಆಮೇಲೆ ಬ್ರೆಡ್ ಕಟ್ಟುತ್ತಾ ನಕ್ಕ.

"ಬಿಡಕ್ಕಾ, ನಮಗೇನು ಗೊತ್ತಿಲ್ವಾ? ಮೊದಲು ನಿಂದು ಒಡೆದಿದ್ದು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಹಿಂದಿನ ಬಾಗಿಲಿಂದ ನಿನಗೆ ಏನೋ ಸಿಕ್ಕಿರುತ್ತೆ."

"ಏನು ಸಿಕ್ಕಿದೆ?"

"ಅದು ನಿಮ್ಮ ಅಕ್ಕ-ತಂಗಿ ವ್ಯವಹಾರ. ಆದ್ರೆ ಮಾತು ಬಿಟ್ಟ ಹಾಗೆ ಆರು ವರ್ಷ ನಾಟಕ ಆಡಿದ್ರಲ್ಲ, ಅದಕ್ಕೆ ಮೆಚ್ಚಬೇಕು! ಬೀದಿಗೆಲ್ಲ ಗೊತ್ತಕ್ಕಾ."

ನಾಟಕ!

ನನ್ನ ಮಗಳ ಮದುವೆಗೆ ಅವಳು ಕೊನೆಯ ಸಾಲಿನಲ್ಲಿ ಕೂತು ಎದ್ದು ಹೋದಳು. ಅವಳಿಗೆ ಆಪರೇಷನ್ ಆದಾಗ ನಾನು ಆಸ್ಪತ್ರೆಯ ಗೇಟಿನ ತನಕ ಹೋಗಿ ತಿರುಗಿ ಬಂದೆ. ಇದು ನಾಟಕವಂತೆ. ನಾನು ತಿಂದ ಸಂಕಟಕ್ಕೆ ಈ ಬೀದಿಯಲ್ಲಿ ಇಷ್ಟು ಬೆಲೆ.

"ನನ್ನ ತಂಗಿ ಮೊಂಡಿ. ಕಲ್ಲು ಮನಸ್ಸಿನವಳು. ಊಟ ಮಾಡಿದ ಮನೇಗೇ ಹಾರೆ ಹಾಕಿಸಿದವಳು. ಅದನ್ನೆಲ್ಲ ನಾನು ಹೇಳ್ತೀನಿ. ಆದ್ರೆ ಅವಳು ಕದ್ದುಮುಚ್ಚಿ ಯಾರಿಗಾದ್ರೂ ಏನಾದ್ರೂ ಮಾಡ್ತಾಳೆ ಅಂದ್ರೆ ನಿನ್ನ ಬಾಯಿಗೆ ಹುಳ ಬೀಳ!" ಅಂದೆ. ಬ್ರೆಡ್ ಅಲ್ಲೇ ಬಿಟ್ಟು ಬಂದೆ.

ಸಂಜೆ ಇವರು, "ಬ್ರೆಡ್ ಎಲ್ಲಿ?" ಅಂದರು. ಇನ್ನು ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ತನ್ನಿ ಅಂದೆ. "ಅಲ್ಲಿದು ಚೆನ್ನಾಗಿರಲ್ಲ." ಚೆನ್ನಾಗಿಲ್ಲದ್ದೇ ತಿನ್ನೋಣ.

ಜೂನ್ 15, ಶನಿವಾರ, ಮಧ್ಯಾಹ್ನ

ಮಳೆ. ಬೆಳಿಗ್ಗೆಯಿಂದ ಒಂದೇ ಸಮನೆ. ಗಿರಾಕಿ ಒಬ್ಬರೂ ಇಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ನೀರು ಚರಂಡಿಯಲ್ಲಿ ದಡಬಡ ಓಡುತ್ತಿದೆ, ಬೀದಿ ಬರೀ ಒದ್ದೆ. ಮೊದಲಾದರೆ ಇಷ್ಟು ಹೊತ್ತಿಗೆ ಮೊಣಕಾಲು ಮಟ್ಟ. ಬಟ್ಟೆಯ ಗಂಟೆಲ್ಲ ಅಟ್ಟಕ್ಕೆ ಏರಿಸುವುದೇ ನನ್ನ ಕೆಲಸವಾಗಿತ್ತು. ಇದನ್ನು ನಾನು ಗಮನಿಸಿಯೇ ಇರಲಿಲ್ಲ ಅಂದರೆ ಸುಳ್ಳು. ಗಮನಿಸಿ ಮುಖ ತಿರುಗಿಸಿದ್ದೆ.

ಎದುರಿನ ಗಡಿಯಾರ ರಿಪೇರಿಯವನ ಮನೆಗೆ ಹೋದೆ. ಅವನ ತಾಯಿಗೆ ಹೆಚ್ಚು ನಡೆಯಲು ಆಗದು, ಕೆಳಗಿನ ಕೋಣೆಯಲ್ಲಿ ಮಂಚ. ಅವಳ ಹತ್ತಿರ ಖಂಡಿತ ದೂರಿರುತ್ತದೆ, ಯಾರ ಮೇಲೆ ಬೇಕಾದರೂ ಇರುತ್ತದೆ.

"ನಿನ್ನ ತಂಗಿ ಮೇಲೆ ದೂರಾ? ಇದೆ," ಅಂದಳು ಮುದುಕಿ. "ಕಿಟಕಿ ಕೆಳಗೆ ನಾನು ಕೂರ್ತಿದ್ದ ಕಟ್ಟೆ ಒಡೆಸಿದ್ಲು. ಬೀದಿಯ ಸುದ್ದಿ ಒಂದೂ ಸಿಗಲ್ಲ ಈಗ."

"ಮತ್ತೆ?"

"ಮತ್ತೇನು... ಮಂಚದ ಕೆಳಗಿನ ಇಟ್ಟಿಗೆ ತೆಗೆಸಿದೆ."

ಅರ್ಥವಾಗಲಿಲ್ಲ.

"ಮಳೆಗಾಲ ಬಂದ್ರೆ ಮಂಚಕ್ಕೆ ಇಟ್ಟಿಗೆ ಕೊಡ್ತಿದ್ವಲ್ಲೇ, ನೀರು ತಾಗ್ಬಾರ್ದು ಅಂತ. ಅಷ್ಟೆತ್ತರದಿಂದ ಇಳಿಯೋಕೆ ನನ್ನ ಕೈಲಾಗ್ತಿರ್ಲಿಲ್ಲ. ಮಗ ಬಂದು ಇಳಿಸೋವರೆಗೂ ಬಿಗಿ ಹಿಡ್ಕೊಂಡು ಕೂರ್ತಿದ್ದೆ. ಈಗ ನಾನೇ ಇಳೀತೀನಿ, ನಾನೇ ಹೋಗ್ತೀನಿ. ಮುದುಕಿ ಆದ್ರೂ ಮಾನ ಅನ್ನೋದು ಇರುತ್ತಲ್ಲ."

ಮಂಚದ ಕಾಲು ನೆಲಕ್ಕೆ ತಾಗಿತ್ತು. ಅವಳ ಚಪ್ಪಲಿ ಪಕ್ಕದಲ್ಲೇ, ಒಣಗಿಕೊಂಡು.

ಕೊಡೆ ಬಿಚ್ಚಿಕೊಂಡು ವಾಪಸು ಬಂದೆ. ಇಡೀ ಬೀದಿಯಿಂದ ದೂರು ಒಟ್ಟು ಮಾಡಲು ಹೊರಟವಳು ನಾನು. ಎಂಥಾ ಫಸಲು.

ಜೂನ್ 27, ಗುರುವಾರ

ಹನ್ನೆರಡು ದಿನ ಬರೆದಿಲ್ಲ. ಕೆಲಸ ಅಂತ ಹೇಳಬಹುದು. ಕೆಲಸವಲ್ಲ.

ಮಿಷನ್ ತುಳಿಯುತ್ತಾ ಭಾಷಣ ಅಭ್ಯಾಸ ಮಾಡುತ್ತೇನೆ. ಬೈಯುವುದು ಶುರು ಮಾಡಿದರೆ ಇಟ್ಟಿಗೆ ನೆನಪಾಗುತ್ತದೆ. ಹೊಗಳಲು ಹೊರಟರೆ ಆ ಸಂಜೆಯ ಊಟ. ಎರಡೂ ನಿಜ ಅಲ್ಲವೇ. ಒಂದಕ್ಕೆ ಇನ್ನೊಂದನ್ನು ತೇಪೆ ಹಾಕಲು ಬರುವುದಿಲ್ಲ ನನಗೆ, ಮೂವತ್ತು ವರ್ಷ ತೇಪೆ ಹಾಕಿದ ಮೇಲೂ.

ಮೊದಲು ನನ್ನದನ್ನೇ ಯಾಕೆ ಒಡೆದಳು? ಇಷ್ಟು ವರ್ಷ ನನಗೆ ಅವಮಾನ ಮಾಡಲು ಅಂತಲೇ ಅಂದುಕೊಂಡಿದ್ದೆ. ಈಗ ಬೇಕರಿಯವನ ಮುಖ ನೆನೆದರೆ... ನನ್ನದನ್ನು ಬಿಟ್ಟು ಅವನ ಶೋಕೇಸಿಗೆ ಹಾರೆ ಹಾಕಿಸಿದ್ದರೆ ಅವನು ಬಿಡುತ್ತಿದ್ದನೇ?

ಇವರು ಬೆಳಿಗ್ಗೆ, "ನೀನು ನಿದ್ದೇಲಿ 'ಮಾನ್ಯರೇ' ಅಂದೆ," ಅಂದರು.

ಜೂನ್ 30, ಭಾನುವಾರ, ಸಂಜೆ ಏಳು

ಮುಗಿಯಿತು.

ಶಾಲೆಯ ಹಾಲ್ ತುಂಬಿತ್ತು. ಅವಳು ಮುಂದಿನ ಕುರ್ಚಿಯಲ್ಲಿ. ಕೂದಲು ಪೂರ್ತಿ ನೆರೆತಿದೆ... ಯಾವಾಗ? ದಿನಾ ಬೀದಿಯಲ್ಲಿ ಕಾಣುತ್ತಾಳೆ, ನಾನು ನೋಡಿಯೇ ಇಲ್ಲ. ಮೇಷ್ಟ್ರು ನನ್ನ ಹೆಸರು ಕರೆದರು. ಬೀದಿಯ ಅರ್ಧ ಜನ ಕತ್ತು ಉದ್ದ ಮಾಡಿದರು.

ಹೀಗೆ ಹೇಳಿದೆ, ನೆನಪಿದ್ದಷ್ಟು:

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಮನೆ ನನ್ನದು." ನಕ್ಕರು. "ಮೊದಲು ಒಡೆದದ್ದು ನನ್ನ ಮೆಟ್ಟಿಲು. ಕೊನೇಲಿ ಒಡೆದಿದ್ರೆ ನಾನು ಮಾತು ಬಿಡ್ತಿರ್ಲಿಲ್ಲ. ಆದ್ರೆ ಆಗ ನೀವು ಯಾರೂ ನಿಮ್ಮ ಮೆಟ್ಟಿಲು ಮುಟ್ಟೋಕೆ ಬಿಡ್ತಿರ್ಲಿಲ್ಲ. ನಿಮ್ಮ ಚರಂಡಿಗೆ ಅವಳು ಕೊಟ್ಟಿದ್ದು ಅಕ್ಕನ್ನ. ನನಗೆ ಒಳಗಿಂದೊಳಗೆ ಏನೋ ಸಿಕ್ಕಿದೆ ಅನ್ನೋರು ಅಂಗಡಿಗೆ ಬನ್ನಿ, ಕೂತು ಮಾತಾಡೋಣ. ಕೂರೋಕೆ ಜಾಗ ಇದ್ರೆ."

ಬೇಕರಿಯವನು ಚಾವಣಿ ನೋಡುತ್ತಿದ್ದ. ಇಟ್ಟಿಗೆಯ ವಿಷಯ ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಚಪ್ಪಾಳೆಗೆ ಕೈ ಎತ್ತಿದ್ದರು. ನಿಲ್ಲಿಸಲಿಲ್ಲ.

"ಇದು ಅವಳ ಪಾಲು. ನನ್ನ ಪಾಲು ಒಂದಿದೆ. ಹಿಂದಿನ ಸಂಜೆ ನಮ್ಮನೇಲಿ ಊಟ ಮಾಡಿದ್ಲು. ಒಂದು ಮಾತು ಹೇಳಿಲ್ಲ. ಅದನ್ನ ನಾನಿನ್ನೂ ಹೊಟ್ಟೆಗೆ ಹಾಕ್ಕೊಂಡಿಲ್ಲ. ಸನ್ಮಾನ ಮಾಡಿ, ಚೆನ್ನಾಗಿ ಮಾಡಿ, ಅವಳಿಗೆ ಸಲ್ಲಬೇಕು. ನನ್ನ ಜಗಳ ಬೇರೆ."

ಆಗ ಅವಳ ಮುಖ ನೋಡಿದೆ. ಕೆಳತುಟಿ ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಚಿಕ್ಕವಳಿದ್ದಾಗ ಅಮ್ಮ ಬೈದರೆ ಹಾಗೇ ಮಾಡುತ್ತಿದ್ದಳು, ಅಳು ಹೊರಗೆ ಬರಬಾರದು ಅಂತ. ನಿಯಮದ ಪ್ರಕಾರ ಒಂದು ಮಾತೂ ಆಡದೆ ಫಲಕ ತೆಗೆದುಕೊಂಡಳು. ಜನ ಮುತ್ತಿಕೊಂಡರು. ನಾನು ಪಕ್ಕದ ಬಾಗಿಲಿಂದ ಬಂದುಬಿಟ್ಟೆ.

"ಹೊಗಳಿದ್ಯಾ, ಬೈದ್ಯಾ?" ಅಂತ ಇವರು ದಾರಿ ಪೂರ್ತಿ ಕೇಳಿದರು. ಗೊತ್ತಿಲ್ಲ ಅಂದೆ. ಹಗುರಾಗಿದ್ದೇನೆ. ಅಷ್ಟು ಗೊತ್ತು.

ಜುಲೈ 2, ಮಂಗಳವಾರ, ಬೆಳಿಗ್ಗೆ

ಬಂದಿದ್ದಾಳೆ. ಮನೆಗೆ. ಹಿತ್ತಿಲ ಬಾಗಿಲಿಂದ.

ಚಹಾ ಕುದಿಯುತ್ತಿತ್ತು. ತಿರುಗಿ ನೋಡಿದರೆ ಹೊಸ್ತಿಲಾಚೆ ನಿಂತಿದ್ದಾಳೆ, ಒಳಗೆ ಬರಲೋ ಬೇಡವೋ ಅಂತ.

"ಅಕ್ಕಾ, ಒಂದು ಮಾತು ಹೇಳ್ಬೇಕಿತ್ತು."

"ಹೇಳು."

"ಹಿಂದಿನ ಓಣಿಗೂ ಚರಂಡಿ ತರ್ತಿದ್ದೀನಿ. ಮುಂದಿನ ತಿಂಗಳು. ನಿನ್ನ ಹಿತ್ತಿಲ ಗೋಡೆ ಹೋಗುತ್ತೆ. ಮೊದಲು ನಿಂದೇ." ಉಸಿರು ಎಳೆದುಕೊಂಡಳು. "ಇನ್ನೂ ಯಾರಿಗೂ ಹೇಳಿಲ್ಲ."

ಚಹಾ ಉಕ್ಕಿ ಒಲೆ ಆರಿತು.

"ಆವತ್ತು ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಊಟಕ್ಕೆ ಬಂದಿದ್ದು. ನೀನು ಎರಡನೇ ಸಲ ಬಡಿಸಿದೆ... ಬಾಯಿಗೆ ಬರ್ಲಿಲ್ಲ. ನೀನು ಅತ್ತಿದ್ರೆ ನನ್ನ ಕೈಲಿ ಒಡೆಸೋಕೆ ಆಗ್ತಿರ್ಲಿಲ್ಲ ಅಕ್ಕಾ."

ಅತ್ತೆ. ಈಗ ಅತ್ತೆ, ಚೆನ್ನಾಗಿ. ಅವಳೂ. ಎಷ್ಟು ದಡ್ಡರು ನಾವು.

ಆಮೇಲೆ, "ಗೋಡೆ ಉಳಿಸ್ತೀಯಾ?" ಅಂತ ಕೇಳಿದೆ. "ಇಲ್ಲ," ಅಂದಳು, ಮೂಗು ಒರೆಸಿಕೊಳ್ಳುತ್ತಾ. ನೋಡಿ ಇವಳನ್ನು! ಶುರುವಾಯಿತು. ಬಟ್ಟೆ ಒಣಹಾಕುವ ಹಗ್ಗ ಎಲ್ಲಿಗೆ ಕಟ್ಟಲಿ, ಒಗೆಯುವ ಕಲ್ಲು ಎಲ್ಲಿಡಲಿ ಅಂತ ನಾನು. ಗೋಡೆಯನ್ನು ಅಷ್ಟು ಹೊರಗೆ ಕಟ್ಟಿದ್ದು ಯಾರ ತಪ್ಪು ಅಂತ ಅವಳು. ಇವರು ಎರಡು ಲೋಟ ಚಹಾ ತಂದಿಟ್ಟು, ಡ್ಯೂಟಿಗೆ ಹೊತ್ತಾಯಿತು ಅಂತ ಓಡಿದರು. ಇವತ್ತು ಅವರಿಗೆ ರಜೆ.

ಅಂಗಡಿ ತೆರೆದಿಲ್ಲ. ತೆರೆಯುತ್ತೇನೆ ಬಿಡು. ಅವಳು ಹಿತ್ತಿಲಲ್ಲಿ ಸೀಮೆಸುಣ್ಣ ಹಿಡಿದು, ಎಲ್ಲಿಯವರೆಗೆ ಒಡೆಯುವುದು ಅಂತ ನೆಲದ ಮೇಲೆ ಗೀಟು ಎಳೆಯುತ್ತಿದ್ದಾಳೆ. ಕಿಟಕಿಯಿಂದ ಕಾಣುತ್ತಿದೆ. ಒಂದು ಮೊಳ ಜಾಸ್ತಿ ಒಳಗೆ ಬಂದಿದ್ದಾಳೆ. ಹೋಗಬೇಕು, ಇಲ್ಲದಿದ್ದರೆ ಅಡುಗೆಮನೆಯನ್ನೂ...