ಎಸ್ಪೌಸ್ ಅಂದರೆ

ಜೂನ್ 9, ಸಂಜೆ

ಕ್ಲಿನಿಕ್‌ನಲ್ಲಿ ಇಡೀ ದಿನ ಹಲ್ಲುನೋವಿನವರ ಸಾಲು. ಡಾಕ್ಟರ ಪಕ್ಕ ನಿಂತು ನಿಂತು ಕಾಲು ಮರಗಟ್ಟಿದೆ. ಆದರೂ ಇಂಗ್ಲಿಷ್ ಕ್ಲಾಸ್ ತಪ್ಪಿಸಲಿಲ್ಲ. ಯಾಕೆ ಅಂತ ಬರೆಯಬೇಕಾಗಿಲ್ಲ — ಲಿಫ್ಟ್ ರಿಪೇರಿ ಮಾಡುವ ಒಬ್ಬರು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಅಷ್ಟೆ.

ಇವತ್ತಿನ ಪದ ಎಸ್ಪೌಸ್. ಒಂದು ವಿಚಾರವನ್ನು ಬೆಂಬಲಿಸುವುದು. ಬರೀ ತಲೆಯಾಡಿಸುವುದಲ್ಲ, ನನ್ನದೇ ಎಂದು ಒಪ್ಪಿಕೊಳ್ಳುವುದು. ಭಾಷಣಕ್ಕೆ, ಪತ್ರಿಕೆಗೆ ಸರಿ, ಮನೆಯಲ್ಲಿ ಆಡುವ ಮಾತಲ್ಲವಂತೆ. ನಾಳೆ ಚರ್ಚೆ: ವಯಸ್ಸಾದವರು ಯಾರ ಜೊತೆ ಇರಬೇಕು. ಮೊದಲು ನಾನೇ ಮಾತಾಡಬೇಕು.

ಜೂನ್ 10

ಮಾತಾಡಿದೆ, ತಪ್ಪೋ ಒಪ್ಪೋ. ಗಂಡ ಹೋದಮೇಲೆ ನನ್ನನ್ನು ನೋಡಿಕೊಂಡದ್ದು ಅತ್ತೆ, ನಾನು ಎಲ್ಲಿದ್ದರೂ ಅವರೂ ಅಲ್ಲೇ ಅಂದೆ. ನನ್ನ ಪರವಾಗಿ ಒಂದು ವಾಕ್ಯ ಬರೆಯಲು ಮೇಡಂ ಲಿಫ್ಟ್‌ನವರನ್ನು ಬೋರ್ಡಿಗೆ ಕರೆದರು. ‘ಐ ಎಸ್ಪೌಸ್ ಹರ್ ಐಡಿಯಾ’ ಅಂತ ಬರೆಯಬೇಕಿತ್ತು. ಐಡಿಯಾ ಬಿಟ್ಟೇಹೋಯಿತು.

‘ಐ ಎಸ್ಪೌಸ್ ಹರ್.’

ಮೇಡಂ ನಕ್ಕರು. "ವಿಚಾರ ಬಿಟ್ಟು ಮನುಷ್ಯರನ್ನ ಸೇರಿಸಿದ್ರೆ ಅರ್ಥಾನೇ ಬೇರೆ. ಹಳೇ ಇಂಗ್ಲಿಷಲ್ಲಿ ಅದು ಮದುವೆ ಆಗೋದು ಅಂತ."

ಕ್ಲಾಸೆಲ್ಲ ಗೊಳ್ಳೆಂದಿತು. ಬೋರ್ಡಿನ ಮುಂದೆ ನಿಂತಿದ್ದ ಅವರ ಕಿವಿ ಕೆಂಪಾಯಿತು. ಸೀಮೆಸುಣ್ಣ ಕೈಯಲ್ಲೇ ಇತ್ತು… ತಿದ್ದಲಿಲ್ಲ. ನಾನು ಬ್ಯಾಗ್ ಎತ್ತಿಕೊಂಡು ಬಂದುಬಿಟ್ಟೆ.

ಜೂನ್ 17

ಕ್ಲಾಸಿಗೆ ಹೋಗಿಲ್ಲ. ಅವರು ಬರೆದದ್ದು ಬರೀ ತಪ್ಪಾಗಿರದಿರಲಿ ಎಂದು ಆಸೆ. ತಪ್ಪೇ ಆಗಿದ್ದರೆ ಮುಖ ಎಲ್ಲಿಡಲಿ?

ಅತ್ತೆ ಬಿಡಬೇಕಲ್ಲ. ಬೆಳ್ಳುಳ್ಳಿ ಸುಲಿಯುತ್ತಾ ಬಾಯಿ ಬಿಡಿಸಿದರು. ಎಲ್ಲ ಹೇಳಿದೆ.

"ಹುಡುಗ ಹೇಗೆ?"

"ಹುಡುಗ ಅಲ್ಲ ಅತ್ತೆ, ತಲೆ ನರೆತಿದೆ."

"ನನಗೆ ಹುಡುಗನೇ ಬಿಡು. ನಿನಗೆ ಇಷ್ಟಾನೋ ಇಲ್ವೋ?"

ಅಳು ಬಂತು. ನಿಮ್ಮನ್ನು ಬಿಟ್ಟು ಎಲ್ಲೂ ಹೋಗುವುದಿಲ್ಲ ಅಂದೆ. "ಕೇಳಿದ್ದಕ್ಕೆ ಹೇಳೇ" ಎಂದು ತಲೆ ಸವರಿದರು, ಬೆಳ್ಳುಳ್ಳಿ ಕೈಯಲ್ಲೇ.

ಜೂನ್ 19, ಸಂಜೆ ಆರು

ಲಿಫ್ಟ್‌ನವರು ಮನೆಗೇ ಬಂದಿದ್ದಾರೆ. ಮೇಡಂ ಹತ್ತಿರ ವಿಳಾಸ ಕೇಳಿಕೊಂಡರಂತೆ. ನಾನು ಚಹಾದ ನೆಪದಲ್ಲಿ ಅಡುಗೆಮನೆ ಸೇರಿ ಇದನ್ನು ಗೀಚುತ್ತಿದ್ದೇನೆ. ಹೊರಗಿನ ಮಾತೆಲ್ಲ ಕೇಳಿಸುತ್ತದೆ. ಅತ್ತೆ ಸುತ್ತಿ ಬಳಸಿ ಮಾತಾಡುವವರೇ ಅಲ್ಲ.

"ಏನಪ್ಪಾ, ಯಾವ ಅರ್ಥದಲ್ಲಿ ಬರೆದೆ?"

"ಕೈತಪ್ಪಿ ಬರೆದೆ ಅಮ್ಮ. ಅರ್ಥ ಗೊತ್ತಾದಮೇಲೆ ತಿದ್ದೋಕೆ ಮನಸ್ಸಾಗಲಿಲ್ಲ."

"ನಾನು ಇವಳ ಜೊತೇಲೇ ಇರೋಳು. ಗೊತ್ತಲ್ಲ?"

"ಅದನ್ನ ಕೇಳಿಸಿಕೊಂಡೇ ಅಲ್ವಾ ಬೋರ್ಡಿಗೆ ಹೋಗಿದ್ದು. ನೀವು ಬರಲ್ಲ ಅಂದ್ರೂ ನಾನು ಬಿಡಲ್ಲ."

ಅತ್ತೆ "ಅವಳನ್ನ ಕೇಳಬೇಕಪ್ಪಾ" ಅಂದರು.

ಈಗ ಇಬ್ಬರೂ ನನಗಾಗಿ ಕಾಯುತ್ತಿದ್ದಾರೆ. ಹಾಲು ಉಕ್ಕಿತು… ಇರಲಿ. ಹೋಗಿ ನಮ್ಮ ಮಾತಿನಲ್ಲೇ ನೇರವಾಗಿ ಹೇಳುತ್ತೇನೆ — ನನಗೂ ಇಷ್ಟ.